ಮಹಾಯುದ್ಧವೂ ಬಳಲಿದ ಅರಸೊತ್ತಿಗೆಯೂ: ಪದೇ ಪದೇ ಕೇಳುವ ಪ್ರಶ್ನೆಗಳು

1917ರ ಮಾರ್ಚ್‌ನಿಂದ 1918ರ ನವೆಂಬರ್‌ವರೆಗಿನ ಇಪ್ಪತ್ತು ತಿಂಗಳಲ್ಲಿ ಯುರೋಪಿನ ಮೂರು ದೊಡ್ಡ ಸಿಂಹಾಸನಗಳು ಬರಿದಾದವು. ರಷ್ಯಾವನ್ನು 1613ರಿಂದ ಆಳುತ್ತಿದ್ದ ರೊಮಾನೊವ್ ಮನೆತನ, ಆಸ್ಟ್ರಿಯಾದಲ್ಲಿ ಆರು ಶತಮಾನಗಳಿಂದ ಬೇರೂರಿದ್ದ ಹ್ಯಾಬ್ಸ್‌ಬರ್ಗ್ ಮನೆತನ, 1415ರಲ್ಲಿ ಬ್ರಾಂಡೆನ್‌ಬರ್ಗ್ ಪಡೆದು ಕೊನೆಗೆ ಇಡೀ ಜರ್ಮನಿಯ ಚಕ್ರವರ್ತಿಗಳಾಗಿದ್ದ ಹೊಹೆನ್‌ಝೊಲರ್ನ್ ಮನೆತನ, ಮೂರೂ ಒಂದೇ ಯುದ್ಧದಲ್ಲಿ ಅಧಿಕಾರ ಕಳೆದುಕೊಂಡವು. ಮೊದಲೇ ದುರ್ಬಲವಾಗಿದ್ದ ಅರಸೊತ್ತಿಗೆಯ ಮೇಲೆ ದೊಡ್ಡ ಯುದ್ಧವೊಂದು ಹೇಗೆ ಎರಗುತ್ತದೆ ಎಂಬ ಬಗ್ಗೆ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ರಷ್ಯಾದ ಕಥೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಹಣ, ಅನ್ನ, ಸೇನೆ, ನಂಬಿಕೆ ಒಂದರ ಹಿಂದೆ ಒಂದು ಕುಸಿದ ಬಗೆ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಅಂದಿನ ರಷ್ಯಾ ಹದಿಮೂರು ದಿನ ಹಿಂದಿದ್ದ ಹಳೆಯ ಪಂಚಾಂಗವನ್ನು ಬಳಸುತ್ತಿತ್ತು. ಕೆಳಗಿನ ರಷ್ಯಾದ ತಾರೀಕುಗಳೆಲ್ಲ ಇಂದಿನ ಪಂಚಾಂಗದವು.

ಯುದ್ಧದಲ್ಲಿ ಸೋತ ಅರಸ ಮಾತ್ರ ಸಿಂಹಾಸನ ಕಳೆದುಕೊಳ್ಳುತ್ತಾನೆಯೇ?

ಇಲ್ಲ. ಗೆದ್ದ ಯುದ್ಧವೂ ಅರಸನನ್ನು ಕೆಡವಬಲ್ಲದು ಎನ್ನುವುದಕ್ಕೆ ಫ್ರಾನ್ಸಿನ ಹದಿನಾರನೇ ಲೂಯಿಯೇ ಸಾಕ್ಷಿ. ಅವನು 1778ರಲ್ಲಿ ಅಮೆರಿಕದ ವಸಾಹತುಗಳ ಪರವಾಗಿ ಬ್ರಿಟನ್ನಿನ ವಿರುದ್ಧ ಯುದ್ಧಕ್ಕಿಳಿದ. 1783ರಲ್ಲಿ ಶಾಂತಿ ಒಪ್ಪಂದವಾದಾಗ ಗೆದ್ದವರ ಸಾಲಿನಲ್ಲಿದ್ದ. ಆದರೆ ಆ ಯುದ್ಧಕ್ಕೆ ನೂರು ಕೋಟಿ ಲಿವ್ರ್‌ಗೂ ಹೆಚ್ಚು ಖರ್ಚಾಗಿತ್ತು, ಮತ್ತು ಹಣಕಾಸಿನ ಹೊಣೆ ಹೊತ್ತಿದ್ದ ನೆಕ್ಕರ್ ಅದರ ಬಹುಭಾಗವನ್ನು ಹೊಸ ತೆರಿಗೆಯ ಬದಲು ಸಾಲದಿಂದಲೇ ಹೊಂದಿಸಿದ್ದ. 1788ರ ಹೊತ್ತಿಗೆ ಸರ್ಕಾರದ ವಾರ್ಷಿಕ ವೆಚ್ಚದ ಸುಮಾರು ಅರ್ಧ ಸಾಲದ ಲೆಕ್ಕಕ್ಕೇ ಹೋಗುತ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಬೊಕ್ಕಸದ ಪಾವತಿಗಳು ನಿಂತವು, ಮತ್ತು 1614ರ ನಂತರ ಒಮ್ಮೆಯೂ ಸೇರದಿದ್ದ ಎಸ್ಟೇಟ್ಸ್ ಜನರಲ್ ಎಂಬ ಪ್ರತಿನಿಧಿ ಸಭೆಯನ್ನು ಕರೆಯದೆ ಅರಸನಿಗೆ ಬೇರೆ ದಾರಿ ಉಳಿಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಆ ಸಭೆಯೇ ತನ್ನನ್ನು ರಾಷ್ಟ್ರೀಯ ಸಭೆಯೆಂದು ಘೋಷಿಸಿಕೊಂಡಿತು.

ಇಂಗ್ಲೆಂಡಿನ ಮೊದಲನೇ ಚಾರ್ಲ್ಸ್‌ನದು ಇದಕ್ಕಿಂತ ಚಿಕ್ಕ ಯುದ್ಧ, ಆದರೆ ಪಾಠ ಅದೇ. 1629ರಿಂದ ಹನ್ನೊಂದು ವರ್ಷ ಅವನು ಪಾರ್ಲಿಮೆಂಟನ್ನೇ ಕರೆಯದೆ ಆಳಿದ. ಯುದ್ಧವಿಲ್ಲದಿದ್ದರಿಂದ ಅದು ಸಾಧ್ಯವಾಗಿತ್ತು. ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಗ್ರಂಥವನ್ನು ಹೇರಲು ಹೋಗಿ 1639 ಮತ್ತು 1640ರಲ್ಲಿ ಎರಡು ದಂಡಯಾತ್ರೆಗಳಿಗೆ ಸಿಕ್ಕಿಕೊಂಡ. ಸ್ಕಾಟ್ ಸೈನ್ಯ ನ್ಯೂಕಾಸಲ್ ಹಿಡಿದು ಕುಳಿತಾಗ, ಅದು ಮುಂದೊತ್ತಿ ಬಾರದಿರಲೆಂದು ದಿನಕ್ಕೆ 850 ಪೌಂಡ್ ಕೊಡಲು ಒಪ್ಪಬೇಕಾಯಿತು. ಅಷ್ಟು ಹಣ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹುಟ್ಟುವಂತಿರಲಿಲ್ಲ. 1640ರ ನವೆಂಬರ್ 3ರಂದು ಸೇರಿದ ಪಾರ್ಲಿಮೆಂಟು ಹನ್ನೊಂದು ವರ್ಷಗಳ ದೂರುಗಳನ್ನೆಲ್ಲ ಹೊತ್ತು ತಂದಿತ್ತು.

ನನ್ನ ಮುಖ್ಯ ವಾದ ಇಲ್ಲೇ ಇದೆ. ಶಾಂತಿಕಾಲದಲ್ಲಿ ಅರಸನು ಪ್ರಜೆಗಳನ್ನು ಅಷ್ಟಾಗಿ ಏನನ್ನೂ ಕೇಳದೆ ಕಾಲ ಹಾಕಬಹುದು. ಯುದ್ಧ ಅವನನ್ನು ಕೇಳುವವನನ್ನಾಗಿ ಮಾಡುತ್ತದೆ: ಹಣ ಕೊಡಿ, ಧಾನ್ಯ ಕೊಡಿ, ಮಕ್ಕಳನ್ನು ಕಳುಹಿಸಿ, ನನ್ನನ್ನು ನಂಬಿ. ಕೊಟ್ಟವರು ಪ್ರತಿಯಾಗಿ ಅಧಿಕಾರದಲ್ಲಿ ಪಾಲು ಕೇಳುತ್ತಾರೆ. ಗಟ್ಟಿ ಅರಸೊತ್ತಿಗೆ ಆ ಪಾಲನ್ನು ಕೊಟ್ಟು ಉಳಿಯುತ್ತದೆ. ಬಳಲಿದ ಅರಸೊತ್ತಿಗೆ ಕೊಡಲು ಹೆದರುತ್ತದೆ, ಕೇಳುವುದನ್ನು ಮಾತ್ರ ನಿಲ್ಲಿಸಲಾರದು.

ಅರಸೊತ್ತಿಗೆ ಬಳಲಿದೆ ಎಂದು ಯಾವುದರಿಂದ ತಿಳಿಯಬೇಕು?

ಬಡತನದಿಂದಲ್ಲ. 1914ರ ರಷ್ಯಾದಲ್ಲಿ ಕಾರ್ಖಾನೆಗಳು, ರೈಲುಮಾರ್ಗಗಳು ಬೆಳೆಯುತ್ತಿದ್ದವು; ಧಾನ್ಯದ ರಫ್ತಿನಲ್ಲಿ ಅದು ಜಗತ್ತಿನ ಮುಂಚೂಣಿಯಲ್ಲಿತ್ತು. ಬಳಲಿಕೆ ಇದ್ದದ್ದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಿನ ಕೊಂಡಿಯಲ್ಲಿ. 1905ರ ಕ್ರಾಂತಿಯ ಬಿಸಿಯಲ್ಲಿ ಝಾರ್, ಅಂದರೆ ರಷ್ಯಾದ ಚಕ್ರವರ್ತಿ, ಎರಡನೇ ನಿಕೋಲಸ್ ಡೂಮಾ ಎಂಬ ಚುನಾಯಿತ ಸಭೆಗೆ ಒಪ್ಪಿದ್ದ. ಆದರೆ 1906ರ ಮೂಲಭೂತ ಕಾನೂನುಗಳಲ್ಲಿ ತನ್ನನ್ನು ಸ್ವಯಂಪ್ರಭು ಎಂದೇ ಕರೆದುಕೊಂಡ, ಮೊದಲ ಎರಡು ಡೂಮಾಗಳನ್ನು ಅವಧಿಗೆ ಮುನ್ನವೇ ವಿಸರ್ಜಿಸಿದ, 1907ರ ಜೂನ್‌ನಲ್ಲಿ ಭೂಮಾಲೀಕರಿಗೆ ಅನುಕೂಲವಾಗುವಂತೆ ಮತದಾನದ ನಿಯಮವನ್ನೇ ತಿದ್ದಿಸಿದ. ಸುಧಾರಣೆ ಮತ್ತು ದಮನ ಎರಡನ್ನೂ ಒಟ್ಟಿಗೆ ನಡೆಸಬಲ್ಲ ಛಾತಿಯಿದ್ದ ಪ್ರಧಾನಿ ಸ್ಟೊಲಿಪಿನ್ 1911ರಲ್ಲಿ ಕೀವ್ ನಗರದ ರಂಗಮಂದಿರದಲ್ಲಿ ಗುಂಡಿಗೆ ಬಲಿಯಾದ. 1913ರಲ್ಲಿ ಮನೆತನದ ಮುನ್ನೂರನೇ ವರ್ಷದ ಉತ್ಸವಗಳು ಅದ್ದೂರಿಯಾಗಿ ನಡೆದವು. ಅದಾದ ಮರುವರ್ಷದ ಜುಲೈಯಲ್ಲಿ, ಯುದ್ಧಕ್ಕೆ ಕೆಲವೇ ದಿನಗಳಿರುವಾಗ, ರಾಜಧಾನಿಯ ಕಾರ್ಮಿಕರು ಮುಷ್ಕರ ಹೂಡಿ ಬೀದಿಗಳಲ್ಲಿ ಅಡ್ಡಗಟ್ಟೆ ಕಟ್ಟಿದ್ದರು.

ದುರ್ಬಲನೆಂದು ತಿಳಿದಿದ್ದೂ ಅರಸ ಯುದ್ಧಕ್ಕೆ ಏಕೆ ಹೋಗುತ್ತಾನೆ?

ಹಿಂದೆ ಸರಿದರೆ ಇರುವ ಮರ್ಯಾದೆಯೂ ಹೋಗುತ್ತದೆ ಎಂಬ ಭಯದಿಂದ. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ಸೇರಿಸಿಕೊಂಡಾಗ ರಷ್ಯಾ ಪ್ರತಿಭಟಿಸಿ, ಜರ್ಮನಿಯ ಒತ್ತಡಕ್ಕೆ ಮಣಿದು ಸುಮ್ಮನಾಗಿತ್ತು. 1914ರಲ್ಲಿ ಆಸ್ಟ್ರಿಯಾ ಸರ್ಬಿಯಾದ ಮೇಲೆ ಎರಗಿದಾಗ ಮತ್ತೊಮ್ಮೆ ಮಣಿದರೆ ದೊಡ್ಡ ರಾಷ್ಟ್ರವೆಂಬ ಹೆಸರು ಉಳಿಯದು ಎಂದು ಮಂತ್ರಿಗಳು ವಾದಿಸಿದರು. ಆಸ್ಟ್ರಿಯಾದ ಆಸ್ಥಾನದಲ್ಲೂ ಇಂಥದೇ ಲೆಕ್ಕಾಚಾರ ನಡೆದಿತ್ತು. ಸರ್ಬ್ ಯುವಕನೊಬ್ಬ ಮಾಡಿದ ತಮ್ಮ ಯುವರಾಜನ ಕೊಲೆಗೆ ಉತ್ತರ ಕೊಡದಿದ್ದರೆ ಸಾಮ್ರಾಜ್ಯದೊಳಗಿನ ಸ್ಲಾವ್ ಜನಾಂಗಗಳು ಕೈತಪ್ಪುತ್ತವೆ ಎಂಬ ಆತಂಕ ಅಲ್ಲಿತ್ತು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಹಿಂದೆ ಗೃಹಮಂತ್ರಿಯಾಗಿದ್ದ ಪ್ಯೋತರ್ ದುರ್ನೊವೊ 1914ರ ಫೆಬ್ರುವರಿಯಲ್ಲೇ ಝಾರ್‌ಗೆ ಒಂದು ನಿವೇದನಾಪತ್ರ ಬರೆದು, ಜರ್ಮನಿಯೊಡನೆ ಯುದ್ಧವಾದರೆ ಅದರ ಹೊರೆ ರಷ್ಯಾದ ಮೇಲೆಯೇ ಹೆಚ್ಚಾಗಿ ಬೀಳುತ್ತದೆಂದೂ, ಸೋಲು ಕಂಡರೆ ಸಾಮಾಜಿಕ ಕ್ರಾಂತಿ ತಪ್ಪದೆಂದೂ, ಆಗ ಉದಾರವಾದಿ ರಾಜಕಾರಣಿಗಳ ಕೈಯಲ್ಲಿ ಜನಸಮೂಹ ನಿಲ್ಲದೆಂದೂ ಹೇಳಿದ್ದ. ಅವನು ಕಟ್ಟಾ ರಾಜನಿಷ್ಠ, ಸಂಪ್ರದಾಯವಾದಿ. ಆ ಬರಹ ಓದಿದಾಗಲೆಲ್ಲ ನನ್ನನ್ನು ಕಾಡುವುದು ಅದರ ದೂರದೃಷ್ಟಿಗಿಂತ ಹೆಚ್ಚಾಗಿ ಅದು ಯಾವ ನಿರ್ಧಾರವನ್ನೂ ಬದಲಿಸಲಿಲ್ಲ ಎಂಬ ಸಂಗತಿ. ಅಪಾಯ ಗೊತ್ತಿದ್ದೂ ತಪ್ಪಿಸಿಕೊಳ್ಳಲಾಗದಿರುವುದೇ ಬಳಲಿಕೆಯ ನಿಜವಾದ ಲಕ್ಷಣ.

ಯುದ್ಧದ ಆರಂಭದಲ್ಲಿ ಜನ ಅರಸನ ಹಿಂದೆ ನಿಲ್ಲುವುದು ನಿಜವಲ್ಲವೇ?

ನಿಜ. 1914ರ ಆಗಸ್ಟ್‌ನಲ್ಲಿ ಚಳಿಗಾಲದ ಅರಮನೆಯ ಮುಂದಿನ ಚೌಕದಲ್ಲಿ ಜನ ಮೊಣಕಾಲೂರಿ ಝಾರ್‌ಗೆ ನಮಿಸಿದರು. ಒಂಬತ್ತು ವರ್ಷ ಹಿಂದೆ, 1905ರ ಜನವರಿ 22ರಂದು, ಅದೇ ಚೌಕದ ಆಸುಪಾಸಿನಲ್ಲಿ ಅಹವಾಲು ಹೊತ್ತು ಬಂದ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದ್ದರು. ಈ ಬಾರಿ ಮುಷ್ಕರಗಳು ನಿಂತವು, ಡೂಮಾ ಬೆಂಬಲ ಸೂಚಿಸಿತು, ಜರ್ಮನ್ ಧ್ವನಿಯ ಸೇಂಟ್ ಪೀಟರ್ಸ್‌ಬರ್ಗ್ ಎಂಬ ಹೆಸರು ಪೆಟ್ರೋಗ್ರಾಡ್ ಆಯಿತು. ಆದರೆ ಈ ಒಗ್ಗಟ್ಟು ಬೇಗ ಗೆದ್ದು ಬರುತ್ತೇವೆಂಬ ನಿರೀಕ್ಷೆಯ ಮೇಲೆ ನಿಂತಿತ್ತು. ನಗರದ ಚೌಕಗಳಲ್ಲಿ ಕಂಡ ಉತ್ಸಾಹ ಹಳ್ಳಿಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ಸುಗ್ಗಿಯ ಹೊತ್ತಿಗೆ ದುಡಿಯುವ ಗಂಡಸರು ದಂಡಿಗೆ ಹೋದದ್ದಷ್ಟೇ ಅಲ್ಲಿ ಕಂಡದ್ದು.

ಯುದ್ಧದ ಖರ್ಚು ಅರಸೊತ್ತಿಗೆಯನ್ನು ಹೇಗೆ ಕೊರೆಯುತ್ತದೆ?

ತೆರಿಗೆ, ಸಾಲ, ನೋಟು ಮುದ್ರಣ ಎಂಬ ಮೂರೇ ದಾರಿಗಳಿವೆ. ಒಪ್ಪಿಗೆಯಿಲ್ಲದೆ ಹೊಸ ತೆರಿಗೆ ಹಾಕಿದರೆ ದಂಗೆ, ಒಪ್ಪಿಗೆ ಕೇಳಿದರೆ ಷರತ್ತು. ಆದ್ದರಿಂದ ದುರ್ಬಲ ಸರ್ಕಾರ ಉಳಿದೆರಡನ್ನು ಆರಿಸಿಕೊಳ್ಳುತ್ತದೆ. ರಷ್ಯಾದ ವಿಷಯದಲ್ಲಿ ಇನ್ನೊಂದು ವಿಚಿತ್ರವೂ ಸೇರಿತು: ಸೈನಿಕರು ಕುಡಿಯಬಾರದೆಂದು 1914ರಲ್ಲಿ ವೋಡ್ಕಾ ಮಾರಾಟವನ್ನೇ ನಿಷೇಧಿಸಲಾಯಿತು, ಮದ್ಯದ ಏಕಸ್ವಾಮ್ಯವೋ ಬೊಕ್ಕಸದ ಆದಾಯದ ಕಾಲು ಭಾಗದಷ್ಟನ್ನು ತರುತ್ತಿತ್ತು. ಅತಿ ಹೆಚ್ಚು ಹಣ ಬೇಕಾದ ವರ್ಷವೇ ಅತಿ ದೊಡ್ಡ ಆದಾಯಮೂಲ ಮುಚ್ಚಿಹೋಯಿತು. ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನೂ ಆ ಬೇಸಿಗೆಯಲ್ಲೇ ನಿಲ್ಲಿಸಿದರು. 1914ರ ನಡುವೆ ಚಲಾವಣೆಯಲ್ಲಿದ್ದ ನೋಟುಗಳ ಮೊತ್ತ ಸುಮಾರು 160 ಕೋಟಿ ರೂಬಲ್. 1917ರ ಮಾರ್ಚ್ ಹೊತ್ತಿಗೆ ಅದು 900 ಕೋಟಿ ದಾಟಿತ್ತು.

ಅರಸನ ಮುಖವೋ ಲಾಂಛನವೋ ಇರುವ ನೋಟಿನ ಬೆಲೆ ತಿಂಗಳಿಂದ ತಿಂಗಳಿಗೆ ಇಳಿಯುವುದನ್ನು ಕೈಯಲ್ಲಿ ಹಿಡಿದು ನೋಡುವ ಪ್ರಜೆಗೆ ಬೇರೆ ಪ್ರಚಾರಪತ್ರ ಬೇಕಾಗುವುದಿಲ್ಲ. ಸಂಬಳದ ಮೇಲೆ ಬದುಕುವ ಗುಮಾಸ್ತ, ಶಿಕ್ಷಕ, ಕೆಳದರ್ಜೆಯ ಅಧಿಕಾರಿ ಇವರೆಲ್ಲ ಶಾಂತಿಕಾಲದಲ್ಲಿ ಅರಸೊತ್ತಿಗೆಯ ಆಧಾರಕಂಬಗಳು. ಹಣದುಬ್ಬರ ಮೊದಲು ಹೊಡೆಯುವುದು ಇವರನ್ನೇ.

ಧಾನ್ಯ ಬೆಳೆಯುವ ದೇಶದಲ್ಲಿ ರೊಟ್ಟಿಗೆ ಬರ ಬಂದದ್ದು ಹೇಗೆ?

ಈ ಪ್ರಶ್ನೆಯನ್ನು ನಿಧಾನವಾಗಿ ನೋಡಬೇಕು. ಯುದ್ಧಕ್ಕೆ ಮುಂಚೆ ರಷ್ಯಾದ ಗೋಧಿ ಕಪ್ಪು ಸಮುದ್ರದ ಬಂದರುಗಳಿಂದ ಹೊರದೇಶಗಳಿಗೆ ಹೋಗುತ್ತಿತ್ತು. 1914ರಲ್ಲಿ ಆಟೊಮನ್ ಸಾಮ್ರಾಜ್ಯ ಶತ್ರುಪಕ್ಷ ಸೇರಿ ಜಲಸಂಧಿಗಳು ಮುಚ್ಚಿದ್ದರಿಂದ ರಫ್ತು ಬಹುತೇಕ ನಿಂತಿತು. ಲೆಕ್ಕದ ಪ್ರಕಾರ ಧಾನ್ಯ ದೇಶದೊಳಗೇ ಉಳಿದು ಅಗ್ಗವಾಗಬೇಕಿತ್ತು. ಆದದ್ದು ಇದಕ್ಕೆ ವಿರುದ್ಧ.

ಕಾರ್ಖಾನೆಗಳು ಫಿರಂಗಿಗುಂಡು, ಬಂದೂಕು ಮಾಡುವುದರಲ್ಲಿ ಮುಳುಗಿದ್ದರಿಂದ ರೈತನಿಗೆ ಬೇಕಾದ ಮೊಳೆ, ಬಟ್ಟೆ, ನೇಗಿಲಿನ ಕುಳ ಪೇಟೆಯಲ್ಲಿ ಸಿಗದಾದವು, ಸಿಕ್ಕರೂ ಬೆಲೆ ಕೈಗೆಟುಕದಾಯಿತು. ಬೆಲೆಯಿಲ್ಲದ ನೋಟು ತೆಗೆದುಕೊಂಡು ಧಾನ್ಯ ಮಾರುವುದಕ್ಕಿಂತ ಕಣಜದಲ್ಲಿಟ್ಟುಕೊಳ್ಳುವುದು, ದನಕ್ಕೆ ಹಾಕುವುದು ಅವನಿಗೆ ಲಾಭವಾಯಿತು. ಇದರಲ್ಲಿ ರೈತನ ತಪ್ಪು ಹುಡುಕುವುದು ನ್ಯಾಯವಲ್ಲ. ಸರ್ಕಾರ ಬೆಲೆ ನಿಗದಿ ಮಾಡಿತು. ನಿಗದಿತ ಬೆಲೆ ಕಡಿಮೆಯಾದಷ್ಟೂ ಧಾನ್ಯ ಇನ್ನಷ್ಟು ಒಳಸರಿಯಿತು. 1916ರ ಕೊನೆಗೆ ಪ್ರಾಂತ್ಯವಾರು ಪಾಲು ಹಂಚಿ ಧಾನ್ಯ ವಸೂಲಿ ಮಾಡುವ ಕ್ರಮವನ್ನು ಝಾರ್‌ನ ಸರ್ಕಾರವೇ ಶುರುಮಾಡಿತು ಎಂಬುದನ್ನು ಅನೇಕರು ಮರೆಯುತ್ತಾರೆ. ಬಲವಂತದ ಧಾನ್ಯ ವಸೂಲಿ, ಮುಂದೆ ಅಧಿಕಾರ ಹಿಡಿದ ಕಮ್ಯುನಿಸ್ಟರಾದ ಬೊಲ್ಷೆವಿಕ್ಕರಿಂದಲೇ ಹುಟ್ಟಿದ್ದಲ್ಲ.

ಮಾರಾಟಕ್ಕೆ ಬಂದ ಧಾನ್ಯವೂ ನಗರ ತಲುಪುವುದು ದುಸ್ತರವಾಗಿತ್ತು. ರೈಲು ಸೈನ್ಯದ ಸಾಗಣೆಗೆ ಮೀಸಲಾಗಿತ್ತು, ಎಂಜಿನ್‌ಗಳು ದುರಸ್ತಿಯಿಲ್ಲದೆ ಸವೆದಿದ್ದವು, 1915ರ ಹಿನ್ನಡೆಯಲ್ಲಿ ಪಶ್ಚಿಮದ ಪ್ರಾಂತ್ಯಗಳಿಂದ ಲಕ್ಷಗಟ್ಟಲೆ ನಿರಾಶ್ರಿತರು ಹಳಿಗಳುದ್ದಕ್ಕೂ ಪೂರ್ವಕ್ಕೆ ಹರಿದುಬಂದಿದ್ದರು. ಪೆಟ್ರೋಗ್ರಾಡ್ ದೇಶದ ವಾಯವ್ಯ ಮೂಲೆಯಲ್ಲಿದ್ದು, ಧಾನ್ಯ ಬೆಳೆಯುವ ದಕ್ಷಿಣದಿಂದ ಬಲುದೂರ. ಯುದ್ಧ ಕಾರ್ಖಾನೆಗಳಿಂದಾಗಿ ಅದೇ ನಗರದಲ್ಲಿ ಕಾರ್ಮಿಕರ ಸಂಖ್ಯೆ ಉಬ್ಬಿತ್ತು. ಹೀಗೆ ಅರಸನ ಅರಮನೆ ಇದ್ದ ಊರಿನಲ್ಲೇ ಹಸಿವು ಮತ್ತು ಜನಸಂದಣಿ ಒಟ್ಟುಗೂಡಿದವು. ಕಾರ್ಖಾನೆಯ ದುಡಿಮೆ ಮುಗಿಸಿ ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ರೊಟ್ಟಿಯ ಸಾಲಿನಲ್ಲಿ ನಿಲ್ಲುತ್ತಿದ್ದವರು ಹೆಂಗಸರು. 1917ರ ಮಾರ್ಚ್ 8ರ ಮಹಿಳಾ ದಿನದಂದು ಜವಳಿ ಗಿರಣಿಗಳಿಂದ ಹೊರಬಂದು ಕ್ರಾಂತಿಗೆ ಚಾಲನೆ ಕೊಟ್ಟವರೂ ಅವರೇ. ಅಂದು ಬೀದಿಗಿಳಿಯಿರೆಂದು ಯಾವ ಪಕ್ಷದ ನಾಯಕರೂ ಅವರಿಗೆ ಅಪ್ಪಣೆ ಕೊಟ್ಟಿರಲಿಲ್ಲ.

ಅರಸನನ್ನು ಕಾಯಬೇಕಾದ ಸೇನೆಯೇ ಕೈಕೊಡುವುದು ಹೇಗೆ?

ಕೊನೆಗೆ ಇತ್ಯರ್ಥವಾಗುವುದು ಇಲ್ಲೇ. ಅಸಮಾಧಾನ, ಹಸಿವು, ಮುಷ್ಕರ ಇವೆಲ್ಲ ಇದ್ದೂ ಸೈನಿಕ ಗುಂಡು ಹಾರಿಸಲು ಸಿದ್ಧನಿರುವವರೆಗೆ ಅರಸೊತ್ತಿಗೆ ನಿಂತಿರುತ್ತದೆ. ದೀರ್ಘ ಯುದ್ಧದಲ್ಲಿ ಸೇನೆ ಹೆಸರಿಗೆ ಮಾತ್ರ ಅದೇ ಸೇನೆಯಾಗಿರುತ್ತದೆ. ಒಳಗಿನ ಮನುಷ್ಯರು ಪೂರ್ತಿ ಬದಲಾಗಿರುತ್ತಾರೆ.

1914ರಲ್ಲಿ ರಷ್ಯಾದ ಸೇನೆಗೆ ಸುಮಾರು 40,000 ಕಾಯಂ ಅಧಿಕಾರಿಗಳಿದ್ದರು. ಬಹುಪಾಲು ಪ್ರಮಾಣವಚನವನ್ನು ಜೀವದಷ್ಟು ಕಾಪಾಡುವವರು. ಆಗಸ್ಟ್‌ನಲ್ಲೇ ಟ್ಯಾನೆನ್‌ಬರ್ಗ್‌ನಲ್ಲಿ ಒಂದಿಡೀ ಸೈನ್ಯ ನಾಶವಾಯಿತು, ಸುಮಾರು 90,000 ಮಂದಿ ಸೆರೆಸಿಕ್ಕರು, ಸೇನಾಪತಿ ಸಾಮ್ಸೊನೊವ್ ಗುಂಡು ಹಾರಿಸಿಕೊಂಡು ಸತ್ತ. 1915ರ ಮೇ ತಿಂಗಳಲ್ಲಿ ಗೊರ್ಲಿಸೆಯ ಬಳಿ ಜರ್ಮನರು ರಂಗಸಾಲನ್ನು ಮುರಿದ ಮೇಲೆ ಆರಂಭವಾದ ಮಹಾ ಹಿನ್ನಡೆಯಲ್ಲಿ ವಾರ್ಸಾ ಸೇರಿದಂತೆ ಇಡೀ ಪೋಲೆಂಡ್ ಕೈಬಿಟ್ಟಿತು. ಫಿರಂಗಿಗಳಿಗೆ ಗುಂಡಿರಲಿಲ್ಲ, ಕೆಲವು ತುಕಡಿಗಳಲ್ಲಿ ಸತ್ತವನ ಬಂದೂಕು ಸಿಗುವವರೆಗೆ ಬರಿಗೈಯಲ್ಲಿ ಕಾಯಬೇಕಾದ ಸೈನಿಕರಿದ್ದರು. 1916ರಲ್ಲಿ ಜನರಲ್ ಬ್ರುಸಿಲೊವ್ ನಡೆಸಿದ ದಾಳಿ ಆಸ್ಟ್ರಿಯಾದ ಸೇನೆಯನ್ನು ಬಹುತೇಕ ಮುರಿದರೂ ಅದಕ್ಕೆ ತೆತ್ತ ಬೆಲೆ ಭೀಕರ. ಆ ಬೇಸಿಗೆಯಲ್ಲಿ ಕೋವೆಲ್ ಕಡೆಯ ಜೌಗುನೆಲದಲ್ಲಿ ಝಾರ್‌ನ ಸ್ವಂತ ಗಾರ್ಡ್ ಪಡೆಗಳು ಸಾವಿರ ಸಾವಿರವಾಗಿ ಬಿದ್ದವು.

ಸತ್ತವರ ಜಾಗಕ್ಕೆ ಬಂದ ಕಿರಿಯ ಅಧಿಕಾರಿಗಳು ರೈತರ, ಶಿಕ್ಷಕರ, ಗುಮಾಸ್ತರ ಮಕ್ಕಳು, ಕೆಲವು ತಿಂಗಳ ತರಬೇತಿ ಪಡೆದವರು. ಅವರಿಗೆ ದೇಶದ ಮೇಲೆ ಪ್ರೀತಿಯಿತ್ತು. ಸಿಂಹಾಸನದ ಮೇಲೆ ಹಳಬರಿಗಿದ್ದ ಭಕ್ತಿ ಇರಬೇಕೆಂದೇನೂ ಇರಲಿಲ್ಲ. ಯುದ್ಧಕಾಲದಲ್ಲಿ ಒಟ್ಟು ಒಂದೂವರೆ ಕೋಟಿಯಷ್ಟು ಗಂಡಸರನ್ನು ಸೇನೆಗೆ ಕರೆಯಲಾಯಿತು. ಸೈನಿಕನೆಂದರೆ ಈಗ ಸಮವಸ್ತ್ರ ತೊಟ್ಟ ರೈತ.

ಪೆಟ್ರೋಗ್ರಾಡ್‌ನಲ್ಲಿ ಇದರ ಪರಿಣಾಮ ನೇರವಾಗಿ ಕಂಡಿತು. ಪ್ರಸಿದ್ಧ ಗಾರ್ಡ್ ರೆಜಿಮೆಂಟುಗಳ ಹೆಸರು ಹೊತ್ತ ಪಡೆಗಳು ಅಲ್ಲಿದ್ದವು, ಆದರೆ ಅವೆಲ್ಲ ಕಿಕ್ಕಿರಿದ ಬ್ಯಾರಕ್‌ಗಳಲ್ಲಿ ಮುಂಚೂಣಿಗೆ ಹೋಗುವ ದಿನಕ್ಕೆ ಹೆದರಿ ಕಾಯುತ್ತಿದ್ದ ಮೀಸಲು ತುಕಡಿಗಳು. ಮಾರ್ಚ್ 11ರಂದು ಅಪ್ಪಣೆಯಂತೆ ಜನರ ಮೇಲೆ ಗುಂಡು ಹಾರಿಸಿದ ವೊಲಿನ್ಸ್ಕಿ ರೆಜಿಮೆಂಟಿನ ತರಬೇತಿ ತುಕಡಿ, ರಾತ್ರಿಯೆಲ್ಲ ಅದನ್ನೇ ಮಾತಾಡಿಕೊಂಡು, ಮರುದಿನ ಬೆಳಗ್ಗೆ ತನ್ನ ಅಧಿಕಾರಿಯನ್ನೇ ಕೊಂದು ಬಂಡೆದ್ದಿತು. ಆ ದಿನ ಮುಗಿಯುವುದರೊಳಗೆ ರಾಜಧಾನಿಯ ಬಹುಪಾಲು ದಂಡು ಕ್ರಾಂತಿಯ ಕಡೆ ಸೇರಿತ್ತು.

ಅರಸನೇ ಸೇನೆಯ ನೇತೃತ್ವ ವಹಿಸಿದರೆ ಜನರ ನಿಷ್ಠೆ ಹೆಚ್ಚುವುದಿಲ್ಲವೇ?

ಗೆದ್ದರೆ ಹೆಚ್ಚಬಹುದು. ನಿಕೋಲಸ್ 1915ರ ಸೆಪ್ಟೆಂಬರ್ 5ರಂದು ತನ್ನ ಬಂಧು ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್‌ನನ್ನು ತೆಗೆದು ತಾನೇ ಮಹಾದಂಡನಾಯಕನಾದ. ಬಹುಪಾಲು ಮಂತ್ರಿಗಳು ಬೇಡವೆಂದು ಸಹಿ ಹಾಕಿ ಬರೆದುಕೊಂಡರೂ ಕೇಳಲಿಲ್ಲ. ಕಷ್ಟಕಾಲದಲ್ಲಿ ಸೈನಿಕರ ಜೊತೆಗಿರುವುದು ತನ್ನ ಧರ್ಮವೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ, ಆ ನಂಬಿಕೆಯನ್ನು ಹಗುರವಾಗಿ ಕಾಣಲಾರೆ. ಆದರೂ ಅದು ಅವನ ಆಳ್ವಿಕೆಯ ಅತಿ ದೊಡ್ಡ ತಪ್ಪುಗಳಲ್ಲೊಂದು. ಯುದ್ಧತಂತ್ರವನ್ನು ಜನರಲ್ ಅಲೆಕ್ಸೆಯೆವ್ ನಿರ್ಧರಿಸುತ್ತಿದ್ದ, ಆದರೆ ಅಂದಿನಿಂದ ಪ್ರತಿ ಸೋಲೂ ಝಾರ್‌ನ ಸೋಲಾಯಿತು. ಹೊಣೆ ಹೊರಿಸಿ ಕಿತ್ತುಹಾಕಲು ನಡುವೆ ಯಾರೂ ಉಳಿಯಲಿಲ್ಲ. ಅವನು ಮೊಗಿಲೆವ್‌ನ ಸೇನಾ ಕೇಂದ್ರದಲ್ಲಿ ಕುಳಿತದ್ದರಿಂದ ರಾಜಧಾನಿ ರಾಣಿಯ ಮತ್ತು ಪದೇ ಪದೇ ಬದಲಾಗುವ ಮಂತ್ರಿಗಳ ಪಾಲಾಯಿತು. 1916ರ ಆರಂಭದಿಂದ ಪದತ್ಯಾಗದವರೆಗೆ ಗೊರೆಮಿಕಿನ್, ಸ್ಟ್ಯೂರ್ಮರ್, ಟ್ರೆಪೊವ್, ಗೊಲಿತ್ಸಿನ್ ಎಂದು ನಾಲ್ವರು ಪ್ರಧಾನಿಗಳಾದರು.

ರಾಣಿಯ ಬಗ್ಗೆ ಹಬ್ಬಿದ ವದಂತಿಗಳಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು?

ಸೋಲಿಗೆ ಕಾರಣ ಹುಡುಕುವ ಜನಕ್ಕೆ ಶತ್ರುದೇಶದಲ್ಲಿ ಹುಟ್ಟಿದ ರಾಣಿ ಸುಲಭವಾಗಿ ಸಿಗುತ್ತಾಳೆ. ಅಲೆಕ್ಸಾಂಡ್ರಾ ಹುಟ್ಟಿದ್ದು ಜರ್ಮನಿಯ ಹೆಸ್ಸೆ ಮನೆತನದಲ್ಲಿ. ಆದರೆ ಅವಳು ವಿಕ್ಟೋರಿಯಾ ರಾಣಿಯ ಮೊಮ್ಮಗಳು, ಗಂಡನಿಗೆ ಪತ್ರ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಯುದ್ಧಕಾಲದಲ್ಲಿ ದಾದಿಯ ತರಬೇತಿ ಪಡೆದು ಗಾಯಾಳುಗಳ ಶುಶ್ರೂಷೆ ಮಾಡಿದವಳು. ಕ್ರಾಂತಿಯ ನಂತರ ಹೊಸ ಸರ್ಕಾರ ನೇಮಿಸಿದ ತನಿಖಾ ಆಯೋಗಕ್ಕೂ ಅವಳು ದೇಶದ್ರೋಹ ಮಾಡಿದ್ದಕ್ಕೆ ಪುರಾವೆ ಸಿಗಲಿಲ್ಲ. ಅದಾಗಲೇ 1915ರಲ್ಲಿ ಮಾಸ್ಕೋದಲ್ಲಿ ಜರ್ಮನರ ಅಂಗಡಿಗಳ ಮೇಲೆ ದಾಳಿ ಮಾಡಿದ ಗುಂಪು ರಾಣಿಯನ್ನು ಮಠಕ್ಕೆ ಸೇರಿಸಿ ಎಂದು ಕೂಗಿತ್ತು. ಮಗನ ರಕ್ತಸ್ರಾವದ ಕಾಯಿಲೆಯನ್ನು ಅರಮನೆ ಗುಟ್ಟಾಗಿಟ್ಟಿದ್ದರಿಂದ, ಅದನ್ನು ಶಮನ ಮಾಡಬಲ್ಲನೆಂದು ರಾಣಿ ನಂಬಿದ್ದ ಸಾಧು ರಾಸ್ಪುಟಿನ್ ಅಲ್ಲಿಗೆ ಏಕೆ ಬರುತ್ತಾನೆಂಬುದು ಜನರಿಗೆ ತಿಳಿಯಲಿಲ್ಲ. ತಿಳಿಯದ ಜಾಗವನ್ನು ಕೆಟ್ಟ ಕಥೆಗಳು ತುಂಬಿದವು. 1916ರ ನವೆಂಬರ್ 14ರಂದು ಡೂಮಾದಲ್ಲಿ ಉದಾರವಾದಿ ನಾಯಕ ಮಿಲ್ಯುಕೊವ್ ಸರ್ಕಾರದ ತಪ್ಪುಗಳನ್ನು ಒಂದೊಂದಾಗಿ ಎಣಿಸುತ್ತ, ಇದು ಮೂರ್ಖತನವೋ ದ್ರೋಹವೋ ಎಂದು ಮತ್ತೆ ಮತ್ತೆ ಕೇಳಿದ. ವರ್ಷದ ಕೊನೆಗೆ ರಾಸ್ಪುಟಿನ್‌ನನ್ನು ಕೊಂದವರಲ್ಲಿ ರಾಜಮನೆತನದವನೇ ಒಬ್ಬನಿದ್ದ.

ಫ್ರಾನ್ಸಿನಲ್ಲಿ ಆಸ್ಟ್ರಿಯಾದ ಹೆಂಗಸೆಂದು ಬೈಸಿಕೊಂಡ ಮೇರಿ ಅಂಟಾಯ್ನೆಟ್‌ಳ ವಿಷಯ ಇಷ್ಟು ಸರಳವಲ್ಲ. 1792ರಲ್ಲಿ ಆಸ್ಟ್ರಿಯಾದೊಡನೆ ಯುದ್ಧ ಶುರುವಾಗುವ ಹೊತ್ತಿನಲ್ಲಿ ಅವಳು ಸೇನೆಯ ಯೋಜನೆಗಳನ್ನು ನಿಜವಾಗಿಯೂ ಶತ್ರುಪಕ್ಷಕ್ಕೆ ತಿಳಿಸಿದ್ದಳು. ಜುಲೈ ಕೊನೆಗೆ ಶತ್ರುಪಡೆಯ ದಂಡನಾಯಕ ಬ್ರನ್ಸ್‌ವಿಕ್, ಅರಸನ ಮನೆತನಕ್ಕೆ ಕೇಡಾದರೆ ಪ್ಯಾರಿಸ್ ನಗರವನ್ನು ದಂಡಿಸುವುದಾಗಿ ಪ್ರಕಟಣೆ ಹೊರಡಿಸಿದ. ಆಗಸ್ಟ್ 10ರಂದು ಜನ ಅರಮನೆಗೇ ನುಗ್ಗಿದರು. ನಿಜವಿರಲಿ ಸುಳ್ಳಿರಲಿ, ಅರಸನ ಮನೆಯೊಳಗೇ ಶತ್ರುವಿದ್ದಾನೆಂಬ ಮಾತಿಗೆ ಯುದ್ಧಕಾಲದಲ್ಲಿ ಬರುವ ತೂಕ ಬೇರೆ ಕಾಲದಲ್ಲಿ ಬರುವುದಿಲ್ಲ.

ಅಧಿಕಾರ ಹಂಚಿಕೊಂಡಿದ್ದರೆ ಝಾರ್ ಉಳಿಯುತ್ತಿದ್ದನೇ?

1915ರ ಬೇಸಿಗೆಯೇ ಅದಕ್ಕೆ ಸರಿಯಾದ ಸಮಯವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಡೂಮಾದ ಬಹುಮತದ ಸದಸ್ಯರು ಪ್ರಗತಿಪರ ಕೂಟ ಕಟ್ಟಿಕೊಂಡು ಜನರ ವಿಶ್ವಾಸ ಪಡೆದ ಮಂತ್ರಿಮಂಡಲ ಬೇಕೆಂದು ಕೇಳಿದರು. ಅರಸೊತ್ತಿಗೆ ಬೇಡವೆಂದು ಅವರು ಹೇಳಿರಲಿಲ್ಲ. ಯುದ್ಧವನ್ನು ಸರಿಯಾಗಿ ನಡೆಸಬೇಕೆಂಬುದೇ ಅವರ ಆಸೆಯಾಗಿತ್ತು. ಝಾರ್ ಸೆಪ್ಟೆಂಬರ್‌ನಲ್ಲಿ ಸಭೆಯನ್ನೇ ಮುಂದೂಡಿದ.

ಆದರೆ ಕೆಲಸ ನಿಲ್ಲುವಂತಿರಲಿಲ್ಲ. ಗಾಯಾಳುಗಳ ಆಸ್ಪತ್ರೆ, ನಿರಾಶ್ರಿತರ ಊಟ, ಬೂಟು, ಮದ್ದುಗುಂಡು ಇವನ್ನೆಲ್ಲ ಅಧಿಕಾರಶಾಹಿ ಒಂಟಿಯಾಗಿ ನಿಭಾಯಿಸಲಾರದೆ ಹೋದಾಗ ಪ್ರಾಂತೀಯ ಸ್ವಯಮಾಡಳಿತ ಸಂಸ್ಥೆಗಳ ಒಕ್ಕೂಟವೂ ಕಾರ್ಖಾನೆದಾರರ ಯುದ್ಧೋದ್ಯಮ ಸಮಿತಿಗಳೂ ಮುಂದೆ ಬಂದವು. ಆ ಒಕ್ಕೂಟದ ಮುಖ್ಯಸ್ಥ ರಾಜಕುಮಾರ ಲ್ವೊವ್ 1917ರ ಮಾರ್ಚ್‌ನಲ್ಲಿ ತಾತ್ಕಾಲಿಕ ಸರ್ಕಾರದ ಮೊದಲ ಪ್ರಧಾನಿಯಾದ. ಯುದ್ಧೋದ್ಯಮ ಸಮಿತಿಯ ಅಧ್ಯಕ್ಷ ಗುಚ್ಕೊವ್ ಅದೇ ಸರ್ಕಾರದ ಯುದ್ಧಮಂತ್ರಿಯಾದ. ಅರಸ ಪಾಲು ಕೊಡದೆ ಕೆಲಸ ಮಾತ್ರ ಮಾಡಿಸಿಕೊಂಡವರು ಕೆಲಸ ಮಾಡುತ್ತಲೇ ಆಳುವುದನ್ನು ಕಲಿತಿದ್ದರು.

ಹಲವು ಜನಾಂಗಗಳ ಸಾಮ್ರಾಜ್ಯಕ್ಕೆ ಅಪಾಯ ಹೆಚ್ಚೇ?

ಹೌದು. ಅಲ್ಲಿ ಅರಸನೇ ಎಲ್ಲರನ್ನೂ ಕಟ್ಟಿರುವ ದಾರ. ಆಸ್ಟ್ರಿಯಾ-ಹಂಗೇರಿಯಲ್ಲಿ 1848ರಿಂದ ಆಳಿದ ಫ್ರಾನ್ಸ್ ಜೋಸೆಫ್ 1916ರ ನವೆಂಬರ್ 21ರಂದು ತೀರಿಕೊಂಡಾಗ ಆ ದಾರವೇ ಸಡಿಲಿತು. ಅವನ ನಂತರ ಬಂದ ಕಾರ್ಲ್ ಶಾಂತಿಗಾಗಿ ಗುಟ್ಟಾಗಿ ಯತ್ನಿಸಿ, 1918ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದು, ಜರ್ಮನಿಯ ನೆರಳಿಗೆ ಇನ್ನಷ್ಟು ಸರಿಯಬೇಕಾಯಿತು. ಒಕ್ಕೂಟ ವ್ಯವಸ್ಥೆ ಕೊಡುವೆನೆಂದು ಅಕ್ಟೋಬರ್ 16ರಂದು ಘೋಷಿಸುವ ಹೊತ್ತಿಗೆ ಚೆಕ್ಕರೂ ದಕ್ಷಿಣದ ಸ್ಲಾವರೂ ಹೊರನಡೆಯುವ ಹಾದಿಯಲ್ಲಿದ್ದರು. ರಷ್ಯಾದಲ್ಲಿ 1916ರಲ್ಲಿ ಮಧ್ಯ ಏಷ್ಯಾದ ಮುಸ್ಲಿಂ ಗಂಡಸರನ್ನು ಯುದ್ಧದ ಕೂಲಿ ಕೆಲಸಕ್ಕೆ ಕರೆದಾಗ ದೊಡ್ಡ ದಂಗೆಯೇ ಎದ್ದು, ಅದನ್ನು ರಕ್ತ ಹರಿಸಿ ಅಡಗಿಸಲಾಯಿತು.

1905ರಲ್ಲಿ ಉಳಿದ ಅರಸೊತ್ತಿಗೆ 1917ರಲ್ಲಿ ಏಕೆ ಉರುಳಿತು?

1905ರಲ್ಲೂ ಯುದ್ಧದ ಸೋಲೇ ಕಿಡಿ ಹಚ್ಚಿತ್ತು. ಜಪಾನಿನ ಎದುರು ಪೋರ್ಟ್ ಆರ್ಥರ್ ಬಿತ್ತು, ಮುಕ್ಡೆನ್ ಕೈತಪ್ಪಿತು, ಮೇ ತಿಂಗಳಲ್ಲಿ ತ್ಸುಶಿಮಾ ಜಲಸಂಧಿಯಲ್ಲಿ ನೌಕಾಪಡೆ ಮುಳುಗಿತು, ಜೂನ್‌ನಲ್ಲಿ ಪೊಟೆಮ್ಕಿನ್ ಯುದ್ಧನೌಕೆಯ ನಾವಿಕರು ಬಂಡೆದ್ದರು. ಆದರೆ ಆ ಯುದ್ಧ ಸಾವಿರಾರು ಮೈಲಿ ದೂರದಲ್ಲಿತ್ತು, ಮತ್ತು ಅದನ್ನು ನಿಲ್ಲಿಸಬಹುದಿತ್ತು. ಸೆಪ್ಟೆಂಬರ್‌ನಲ್ಲಿ ಝಾರ್‌ನ ಪ್ರತಿನಿಧಿ ವಿಟ್ಟೆ ಅಮೆರಿಕದ ಪೋರ್ಟ್ಸ್‌ಮತ್‌ನಲ್ಲಿ ಶಾಂತಿ ಒಪ್ಪಂದ ಮಾಡಿಕೊಂಡ, ಡೂಮಾಕ್ಕೆ ಒಪ್ಪಿದ ಅಕ್ಟೋಬರ್ 30ರ ಪ್ರಣಾಳಿಕೆ ಉದಾರವಾದಿಗಳನ್ನು ಕ್ರಾಂತಿಕಾರಿಗಳಿಂದ ಬೇರ್ಪಡಿಸಿತು, ಡಿಸೆಂಬರ್‌ನಲ್ಲಿ ಮಾಸ್ಕೋದ ದಂಗೆಯನ್ನು ಸೆಮ್ಯೊನೊವ್ಸ್ಕಿ ಗಾರ್ಡ್ ರೆಜಿಮೆಂಟ್ ಅಡಗಿಸಿತು, ಮರುವರ್ಷ ಫ್ರಾನ್ಸಿನಿಂದ ಭಾರಿ ಸಾಲ ಬಂತು. 1917ರಲ್ಲಿ ಶತ್ರು ದೇಶದೊಳಗಿದ್ದ, ಮಿತ್ರರಾಷ್ಟ್ರಗಳನ್ನು ಬಿಟ್ಟು ಪ್ರತ್ಯೇಕ ಶಾಂತಿಗೆ ಹೋಗುವಂತಿರಲಿಲ್ಲ, ಆ ಹಳೆಯ ಗಾರ್ಡ್ ರೆಜಿಮೆಂಟುಗಳ ಸೈನಿಕರು ಯುದ್ಧರಂಗದ ಮಣ್ಣಿನಲ್ಲಿ ಮಲಗಿದ್ದರು.

ಕೊನೆಗೆ ಝಾರ್‌ನನ್ನು ಇಳಿಸಿದವರು ಯಾರು, ಬೀದಿಯ ಜನರೇ ಸೇನಾಪತಿಗಳೇ?

ಜನ ರಾಜಧಾನಿಯನ್ನು ಕಿತ್ತುಕೊಂಡರು. ಪದತ್ಯಾಗದ ಮಾತು ಬಂದದ್ದು ಸೇನಾಪತಿಗಳಿಂದ. ಅರಮನೆಗೆ ಮರಳಲು ಹೊರಟ ನಿಕೋಲಸ್‌ನ ರೈಲು, ದಾರಿಯನ್ನು ಅಡ್ಡಗಟ್ಟಿದ್ದರಿಂದ, ಸುತ್ತಿಬಳಸಿ ಪ್ಸ್ಕೊವ್‌ಗೆ ಬಂದು ನಿಂತಿತ್ತು. ಅಲೆಕ್ಸೆಯೆವ್ ಎಲ್ಲ ರಂಗಗಳ ದಂಡನಾಯಕರಿಗೆ ತಂತಿ ಕಳುಹಿಸಿ ಅಭಿಪ್ರಾಯ ಕೇಳಿದ. ಝಾರ್‌ನ ಬಂಧು ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್ ಸೇರಿದಂತೆ ಅವರು ಪದತ್ಯಾಗವನ್ನೇ ಬೇಡಿದರು. ಸೇನೆ ಒಡೆಯದೆ ಯುದ್ಧ ಮುಂದುವರಿಯಬೇಕಾದರೆ ಅರಸ ಇಳಿಯಬೇಕು ಎಂಬುದು ಅವರ ತರ್ಕ. ಯುದ್ಧಕ್ಕಾಗಿ ಎಲ್ಲವನ್ನೂ ಕೇಳಿದ ಅರಸನನ್ನು ಕೊನೆಗೆ ಯುದ್ಧದ ಹೆಸರಿನಲ್ಲೇ ಸಿಂಹಾಸನ ಕೇಳಲಾಯಿತು. ಮಾರ್ಚ್ 15ರ ರಾತ್ರಿ ರೈಲಿನೊಳಗೆ, ಡೂಮಾದ ಕಡೆಯಿಂದ ಬಂದಿದ್ದ ಗುಚ್ಕೊವ್ ಮತ್ತು ಶುಲ್ಗಿನ್ ಎದುರಿಗೆ ಅವನು ಸಹಿ ಹಾಕಿದ. ಸಿಂಹಾಸನ ಬಿಟ್ಟುಕೊಟ್ಟದ್ದು ತಮ್ಮ ಮಿಖಾಯಿಲ್‌ಗೆ. ಮರುದಿನ ಅವನೂ ಬೇಡವೆಂದ.

ಅದೇ ಯುದ್ಧದಲ್ಲಿ ಉಳಿದುಕೊಂಡ ಅರಸೊತ್ತಿಗೆಗಳು ಏನು ಮಾಡಿದವು?

ರುಮೇನಿಯಾದ ಉದಾಹರಣೆ ನನಗೆ ಅತಿ ಮುಖ್ಯವಾಗಿ ಕಾಣುತ್ತದೆ. 1916ರ ಕೊನೆಗೆ ರಾಜಧಾನಿ ಬುಕಾರೆಸ್ಟ್ ಶತ್ರುವಶವಾಗಿ, ದೇಶದ ಹೆಚ್ಚಿನ ಭಾಗ ಹೋಗಿ, ಪಕ್ಕದ ರಷ್ಯಾದಲ್ಲಿ ಕ್ರಾಂತಿ ನಡೆದಿದ್ದ ಹೊತ್ತಿನಲ್ಲಿ ಅರಸ ಫರ್ಡಿನಂಡ್ ಸೈನಿಕರ ಮುಂದೆ ನಿಂತು ಭೂಮಿ ಮತ್ತು ಮತದ ಹಕ್ಕು ಕೊಡುವೆನೆಂದು 1917ರ ವಸಂತದಲ್ಲಿ ಮಾತು ಕೊಟ್ಟ. ಅದೇ ವರ್ಷ ಸಂವಿಧಾನ ತಿದ್ದುಪಡಿಯಾಯಿತು, ಯುದ್ಧಾನಂತರ ಭೂಮಿ ಹಂಚಿಕೆಯೂ ನಡೆಯಿತು. ಬ್ರಿಟನ್ನಿನಲ್ಲಿ ಐದನೇ ಜಾರ್ಜ್ 1917ರ ಜುಲೈ 17ರಂದು ಜರ್ಮನ್ ಮೂಲದ ಮನೆತನದ ಹೆಸರನ್ನು ಬಿಟ್ಟು ವಿಂಡ್ಸರ್ ಎಂಬ ಹೆಸರು ಧರಿಸಿದ. ಆದರೆ ಅವನನ್ನು ಕಾಪಾಡಿದ್ದು ಹೆಸರಿಗಿಂತ ಹೆಚ್ಚಾಗಿ, ಸೋಲಿನ ಹೊಣೆ ಹೊರಲು ಪಾರ್ಲಿಮೆಂಟಿಗೆ ಉತ್ತರ ಹೇಳುವ ಮಂತ್ರಿಮಂಡಲವೊಂದು ಇದ್ದದ್ದು. ಬಲ್ಗೇರಿಯಾದಲ್ಲಿ ಸೋತ ಕೂಡಲೇ 1918ರ ಅಕ್ಟೋಬರ್ 3ರಂದು ಅರಸ ಮಗ ಬೊರಿಸ್‌ಗೆ ಪಟ್ಟ ಬಿಟ್ಟುಕೊಟ್ಟು ದೇಶ ತೊರೆದ, ಮನೆತನ ಉಳಿಯಿತು. ಜರ್ಮನಿಯ ಎರಡನೇ ವಿಲ್‌ಹೆಲ್ಮ್ ತನ್ನ ಸಾಮ್ರಾಜ್ಯದ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದ ಅಸಮಾನ ಮತದಾನ ಪದ್ಧತಿಯನ್ನು ಯುದ್ಧ ಮುಗಿದ ಮೇಲೆ ಸುಧಾರಿಸುವೆನೆಂದು 1917ರ ಏಪ್ರಿಲ್‌ನಲ್ಲಿ ಹೇಳಿ, ಹತ್ತೊಂಬತ್ತು ತಿಂಗಳು ಕಳೆದರೂ ಅದು ಜಾರಿಗೆ ಬರದೆ, ನವೆಂಬರ್ 9ರಂದು ಅವನ ಪದತ್ಯಾಗವನ್ನು ಅವನ ಪ್ರಧಾನಿಯೇ ಪ್ರಕಟಿಸಿಬಿಟ್ಟ.

ಝಾರ್ ಇಳಿದ ಮೇಲೆ ರಷ್ಯಾದಲ್ಲಿ ಯುದ್ಧ ನಿಂತಿತೇ?

ನಿಲ್ಲಲಿಲ್ಲ. ತಾತ್ಕಾಲಿಕ ಸರ್ಕಾರ ಮಿತ್ರರಾಷ್ಟ್ರಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಯುದ್ಧ ಮುಂದುವರಿಸಿತು. ಭೂಮಿಯ ಪ್ರಶ್ನೆಯನ್ನು ಸಂವಿಧಾನ ಸಭೆಗೆ ಬಿಟ್ಟು, ಆ ಸಭೆಯ ಚುನಾವಣೆಯನ್ನು ಮುಂದೂಡುತ್ತ ಹೋಯಿತು. ಜುಲೈನಲ್ಲಿ, ಆಗ ಯುದ್ಧಮಂತ್ರಿಯಾಗಿದ್ದ ಕೆರೆನ್ಸ್ಕಿ ಹೂಡಿದ ದಾಳಿ ಕೆಲವೇ ದಿನಗಳಲ್ಲಿ ಮುರಿದುಬಿದ್ದು, ಸೈನಿಕರು ಭೂಮಿ ಹಂಚಿಕೆಯಲ್ಲಿ ತಮ್ಮ ಪಾಲು ತಪ್ಪೀತೆಂದು ಊರಿನ ದಾರಿ ಹಿಡಿದರು. ಪೆಟ್ರೋಗ್ರಾಡ್‌ನ ಅದೇ ದಂಡು, ತನ್ನನ್ನು ಮುಂಚೂಣಿಗೆ ಕಳುಹಿಸುತ್ತಾರೆಂಬ ಸುದ್ದಿ ಹಬ್ಬಿದಾಗ, ನವೆಂಬರ್ 7ರಂದು ಈ ಸರ್ಕಾರವನ್ನೂ ಕಾಯದೆ ಬಿಟ್ಟಿತು. ಮರುದಿನ ಬೊಲ್ಷೆವಿಕ್ಕರು ಹೊರಡಿಸಿದ ಮೊದಲ ಎರಡು ಶಾಸನಗಳಲ್ಲಿ ಒಂದು ಶಾಂತಿಯದು, ಇನ್ನೊಂದು ಭೂಮಿಯದು.